ಕಿಟಕಿಕಟ್ಟೆಯ ಮೇಲಿನ ಚಪ್ಪಲಿ

ನಿನ್ನೆ ತಾನು ಮಾಡಿದ್ದರಲ್ಲಿ ತಪ್ಪೇನೂ ಇಲ್ಲವೆಂದು ಶಂಶಾದ್‌ಬೀ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲೇ ತೀರ್ಮಾನ ಮಾಡಿ ಬಸ್ಸು ಹತ್ತಿದ್ದಳು. ಆದರೆ ಮಸ್ಕಿಯ ಬಸ್ಸು ಊರು ಬಿಟ್ಟು ಗದ್ದೆಗಳ ಬದಿಗೆ ಬರುವಷ್ಟರಲ್ಲಿ ಆ ತೀರ್ಮಾನ ಸಡಿಲಾಗಿ, ಪಕ್ಕದ ಕಿಟಕಿಯ ಗಾಜಿನ ಹಾಗೆ ಗಡಗಡ ಅಲ್ಲಾಡತೊಡಗಿತು. ಇನ್‌ಸ್ಪೆಕ್ಟರ್ ಸಾಹೇಬರು ಲಿಂಗಸುಗೂರಿನಿಂದ ಶಾಲೆ ನೋಡಲು ಬರುವವರಿದ್ದರು. ಅವರು ಬರುವ ಮೊದಲು ಒಂದನೇ ತರಗತಿಯ ಒಬ್ಬ ಹುಡುಗಿಯನ್ನು ಮನೆಗೆ ಕಳಿಸಿದಳು. ಇಷ್ಟೇ ತಾನೇ? ಕೇಳಿದವರಿಗೆ ಹೇಳಲು ಕಾರಣಗಳು ಬೇಕಾದಷ್ಟಿದ್ದವು, ಕೇಳುವವರೇ ಇರಲಿಲ್ಲ. ಕಂಡಕ್ಟರ್ ಕೂಡ ದಿನದಂತೆ ‘ಆರಾಮೇನ್ರೀ ಟೀಚರ್’ ಅಂದು ಮುಂದಿನ ಸೀಟಿಗೆ ಹೋದ. ಶೇಖಮ್ಮ ಎಂಬ ಆ ಹುಡುಗಿ ಯಾರ ಮುಖವನ್ನೂ ನೋಡುವವಳಲ್ಲ. ಕರೆದರೆ ತಿರುಗುವುದಿಲ್ಲ, ಮಾತಂತೂ ಇಲ್ಲವೇ ಇಲ್ಲ. ನೋಡಿದರೂ ಮುಖದ ಪಕ್ಕದ ಗಾಳಿಯನ್ನು ನೋಡುತ್ತಾಳೆ. ಅಂಥವಳು ನಿನ್ನೆ ಹೊಸ್ತಿಲ ಹೊರಗೆ ಇಟ್ಟ ತನ್ನ ಚಪ್ಪಲಿ ನೋಡಿದಳು, ಆಮೇಲೆ ಖಾಲಿ ಕಿಟಕಿಕಟ್ಟೆ ನೋಡಿದಳು, ಆಮೇಲೆ ತಲೆಯೆತ್ತಿ ಶಂಶಾದ್‌ಬೀಯ ಕಣ್ಣಿಗೆ ನೇರ ಕಣ್ಣಿಟ್ಟಳು. ಆ ಒಂದು ನೋಟಕ್ಕಾಗಿ ಶಂಶಾದ್‌ಬೀ ಮಳೆಗಾಲದಿಂದ ಕಾದಿದ್ದಳು. ಅದು ಸಿಕ್ಕಿದ್ದು ಇಂಥ ಹೊತ್ತಿನಲ್ಲಿ, ಮತ್ತು ಆಗ ಕಣ್ಣು ತಪ್ಪಿಸಿದವಳು ಹುಡುಗಿಯಲ್ಲ, ತಾನು.

ಜೂನ್‌ನಲ್ಲಿ ಹುಸೇನಮ್ಮ ಮಗಳು ಶೇಖಮ್ಮನ ಹೆಸರನ್ನು ಶಾಲೆಗೆ ಹಚ್ಚಿಸಲು ಬಂದ ದಿನ, ಬೇವಿನ ಮರಕ್ಕೆ ತೂಗುಬಿಟ್ಟ ರೈಲುಹಳಿಯ ತುಂಡಿಗೆ ಹೊಡೆದು ಗಂಟೆ ಬಾರಿಸಿದ್ದರು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದು ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡಳು. ಗಾಳಿ ಸೋಕಿದೆ ಅಂದವರಿದ್ದರು. ರಾಯಚೂರಿನ ಡಾಕ್ಟರು ಬುದ್ಧಿ ಬೆಳೆದಿಲ್ಲ ಅಂದು ಟಾನಿಕ್ ಬರೆದುಕೊಟ್ಟಿದ್ದರಂತೆ. ಇದಕ್ಕೆ ಬೇರೊಂದು ಹೆಸರಿರಬಹುದೆಂದು ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಶಂಶಾದ್‌ಬೀಗೂ ಗೊತ್ತಿರಲಿಲ್ಲ. ಅವಳಿಗೆ ನೆನಪಾದದ್ದು ತನ್ನದೇ ಬಾಲ್ಯ. ಮನೆಯಲ್ಲಿ ದಖ್ಖನಿ ಬಿಟ್ಟರೆ ಬೇರೆ ಮಾತು ಕೇಳದ ಹುಡುಗಿ ಕನ್ನಡ ಶಾಲೆಯಲ್ಲಿ ಒಂದು ವರ್ಷ ಬಾಯಿಬಿಡದೆ ಕೂತಿದ್ದು, ಮಾಸ್ತರರು ಹಾಜರಿ ಕರೆಯುವಾಗ ಅವಳ ಹೆಸರಿನ ಬದಲು ‘ಮೂಗಿ’ ಅನ್ನುತ್ತಿದ್ದದ್ದು, ತರಗತಿಯೆಲ್ಲ ನಕ್ಕಾಗ ತಾನೂ ಅವರ ಜೊತೆ ನಗುತ್ತಿದ್ದದ್ದು. ಆ ನಗು ಈಗಲೂ ಎಲ್ಲೋ ಗಂಟಲಲ್ಲಿ ಇದೆ ಅನ್ನಿಸುತ್ತದೆ. ‘ಮಾತು ಬರ್ತಾವ ಹುಸೇನಮ್ಮ, ಕಾಳಜಿ ಮಾಡಬ್ಯಾಡ, ನಾನೂ ಸಣ್ಣಾಕಿದ್ದಾಗ ಹಿಂಗಽ ಇದ್ದೆ’ ಎಂದು ಅಂದು ಹೇಳಿಬಿಟ್ಟಳು. ದಸರೆ ಕಳೆಯುವುದರೊಳಗೆ ಆ ಹೋಲಿಕೆ ಸುಳ್ಳೆಂದು ಗೊತ್ತಾಯಿತು. ತನ್ನ ಬಾಯೊಳಗೆ ಮಾತಿತ್ತು, ಹೊರಗೆ ಅಂಜಿಕೆ ಇತ್ತು. ಈ ಹುಡುಗಿಯ ಅಂಜಿಕೆಯೇ ಬೇರೆ. ಮುಂದೇನಾಗುತ್ತದೆ ಎಂದು ಗೊತ್ತಾಗದಿರುವುದೇ ಅವಳಿಗೆ ಬೆಂಕಿ ಮುಟ್ಟಿದ ಹಾಗೆ ಆಗುತ್ತಿತ್ತು. ಇದನ್ನು ಕಂಡುಕೊಂಡಾಗ ಶಂಶಾದ್‌ಬೀಗೆ ಖುಷಿಗಿಂತ ಹೆಚ್ಚಾಗಿ ಒಂದು ಬಗೆಯ ಸಿಟ್ಟು ಬಂದಿತ್ತು, ನೀನು ನನ್ನ ಹಾಗೆ ಅಲ್ಲವೇನೇ ಎಂಬ ಸಿಟ್ಟು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಉಪಾಯ ಹೊಳೆದದ್ದು ಸಿಂಧನೂರಿನ ಬಸ್‌ಸ್ಟ್ಯಾಂಡಿನ ಅಂಗಡಿಯ ಮುಂದೆ. ಆರ್.ಎಚ್. ಕ್ಯಾಂಪೆಂಬ ನಿರಾಶ್ರಿತರ ವಸತಿಯ ಬಂಗಾಲಿ ಮುದುಕಿಯೊಬ್ಬಳು, ಇಷ್ಟು ವರ್ಷವಾದರೂ ಕನ್ನಡ ನಾಲಿಗೆಗೆ ಹತ್ತದವಳು, ಮನೆಯಿಂದ ತಂದ ಖಾಲಿ ಕಡ್ಡಿಪೆಟ್ಟಿಗೆ, ಸಾಬೂನಿನ ಕಾಗದ, ಎಣ್ಣೆಯ ಸೀಸೆ ಇವನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಅಂಗಡಿಯವನು ಒಂದೊಂದಕ್ಕೂ ಒಂದೊಂದು ಸಾಮಾನು ಕೊಟ್ಟು, ಖಾಲಿಯದನ್ನು ಬದಿಗೆ ಸರಿಸುತ್ತ ಬಂದ. ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ, ವ್ಯಾಪಾರ ಮುಗಿಯಿತು. ಮರುದಿನ ಶಂಶಾದ್‌ಬೀ ತರಗತಿಯ ಕಿಟಕಿಕಟ್ಟೆಯ ಮೇಲೆ ಶೇಖಮ್ಮನ ಪಾಟಿ, ಹುಣಸೆಬೀಜದ ಡಬ್ಬಿ, ರೊಟ್ಟಿಯ ಗಂಟು, ಕೊನೆಗೆ ಅವಳ ಚಪ್ಪಲಿ ಇವನ್ನು ಸಾಲಾಗಿ ಇಟ್ಟಳು. ಪಾಟಿ ಅಂದರೆ ಗೆರೆ ತಿದ್ದುವುದು, ಬೀಜ ಅಂದರೆ ಎಣಿಸುವುದು, ಗಂಟು ಅಂದರೆ ಊಟ, ಚಪ್ಪಲಿ ಅಂದರೆ ಮನೆ. ಒಂದು ಮುಗಿದರೆ ಅದು ಕೆಳಗಿನ ಬುಟ್ಟಿಗೆ. ಹುಸೇನಮ್ಮನಿಗೂ ಈ ಸಾಲನ್ನು ತಿಳಿಸಿ ಹೇಳಿದ್ದಳು. ಹುಡುಗಿಯ ಜಾಗ ಗೋಡೆಗೆ ಒತ್ತಿದ ಒಂದು ಗೋಣಿತಟ್ಟು, ಅಲ್ಲಿ ಬೇರೆ ಯಾರೂ ಕೂರುವ ಹಾಗಿಲ್ಲ. ಗಂಟೆಗೆ ಮೊದಲು ಟೀಚರು ಕೈ ಎತ್ತಿ ತೋರಿಸುತ್ತಾಳೆ, ಹುಡುಗಿ ಕಿವಿ ಮುಚ್ಚಿಕೊಳ್ಳುತ್ತಾಳೆ, ಆಮೇಲೆ ಗಂಟೆ. ಮಗ್ಗಿಯನ್ನು ಕೂಗುವುದು ಬಿಟ್ಟು ಪಿಸುಗುಟ್ಟುವುದನ್ನು ಉಳಿದ ಮಕ್ಕಳಿಗೆ ಕಲಿಸಿದಳು; ಅವರಿಗೆ ಅದೊಂದು ಕಳ್ಳಾಟದಂತೆ ಹಿಡಿಸಿತು. ಚಳಿಗಾಲ ಬರುವ ಹೊತ್ತಿಗೆ ಶೇಖಮ್ಮನ ಮಣಿಕಟ್ಟಿನ ಹಲ್ಲಿನ ಗಾಯ ಮಾಯ್ದಿತ್ತು. ಬೆಳಿಗ್ಗೆ ಬಂದೊಡನೆ ಸಾಲನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿ, ಮೈ ಸಡಿಲಬಿಟ್ಟು ಕೂರುತ್ತಿದ್ದಳು. ಸಂಜೆ ಚಪ್ಪಲಿ ಮೆಟ್ಟಿಕೊಂಡು, ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ, ಈಚೆಗಿರುವ ಮನೆಗೆ ಒಬ್ಬಳೇ ನಡೆದು ಹೋಗುತ್ತಿದ್ದಳು. ಅಷ್ಟು ಹೊತ್ತಿಗೆ ತಾಯಿ ಹತ್ತಿ ಮಿಲ್ಲಿನಿಂದ ಬಂದು ಬೀಗ ತೆಗೆದಿರುತ್ತಿದ್ದಳು.

ತಕರಾರು ಎದ್ದದ್ದು ಚಪ್ಪಲಿಯದು. ಹೆಡ್‌ಮಾಸ್ತರ ಅಮರಗುಂಡಪ್ಪ ಒಳ್ಳೆಯ ಮನುಷ್ಯ, ಮಕ್ಕಳಿಗೆ ಒಂದು ಏಟು ಹಾಕಿದವರಲ್ಲ. ಆದರೆ ಕಿಟಕಿಕಟ್ಟೆಯನ್ನು ಮೊದಲ ಸಲ ಕಂಡಾಗ ಅವರ ಮುಖ ಬಿಳಿಚಿಕೊಂಡಿತು. ಕಿಟಕಿಯ ಮೇಲುಗಡೆ ಸರಸ್ವತಿಯ ಪಟ. ‘ಪಾಟಿ ಬಾಜೂಕ ಚಪ್ಲಿ ಇಡ್ತಾರೇನ್ರೀ? ಮಂದಿ ನೋಡಿದ್ರ ಏನಂತಾರ?’ ಅಂದರು. ಮಂದಿ ಏನು ಅಂದಾರು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಅವಳ ಹೆಸರು ಶಂಶಾದ್‌ಬೀ ಎಂಬುದನ್ನು ಹೇಳಬೇಕಾಗಿಯೂ ಇರಲಿಲ್ಲ. ಚಪ್ಪಲಿಯ ಬದಲು ಬೀಗದ ಕೈ ಇಟ್ಟು ನೋಡಿದಳು, ಮನೆಯ ಚಿತ್ರ ಬರೆದಿಟ್ಟಳು. ಹುಡುಗಿ ಅವು ಯಾವುದನ್ನೂ ನಂಬಲಿಲ್ಲ. ಚಪ್ಪಲಿ ಕಾಣುವವರೆಗೆ ಉಳಿದ ಸಾಲೂ ಅವಳಿಗೆ ಸಾಲಾಗಲಿಲ್ಲ. ಕೊನೆಗೆ ಪಾಟಿಗೂ ಚಪ್ಪಲಿಗೂ ನಡುವೆ ಒಂದು ರಟ್ಟನ್ನು ನಿಲ್ಲಿಸಿ ರಾಜಿಯಾಯಿತು. ಅಮರಗುಂಡಪ್ಪ ಆ ಕೋಣೆಗೆ ಬಂದಾಗೆಲ್ಲ ಕಿಟಕಿಗೆ ಬೆನ್ನು ಮಾಡಿ ನಿಲ್ಲುವುದನ್ನು ರೂಢಿ ಮಾಡಿಕೊಂಡರು. ಇನ್‌ಸ್ಪೆಕ್ಟರ್ ಬರುವ ಸುದ್ದಿ ಬಂದ ಸಂಜೆ ಅವರು ಅವಳ ತರಗತಿಯ ಬಾಗಿಲಲ್ಲಿ ನಿಂತು, ‘ಟೀಚರ್ರೀ, ನಾಳಿ ಒಂದಿನ ಸ್ವಲ್ಪ ನೋಡ್ಕೋರಿ’ ಅಂದರು. ಕಳಿಸಿರಿ ಅನ್ನಲಿಲ್ಲ, ತೆಗೆಯಿರಿ ಅನ್ನಲಿಲ್ಲ. ನೋಡ್ಕೋರಿ ಅಂದರು, ಅಷ್ಟೆ. ಈಗ ಬಸ್ಸಿನಲ್ಲಿ ಕೂತು ಎಲ್ಲವನ್ನೂ ಅವರ ತಲೆಗೆ ಕಟ್ಟೋಣವೆಂದರೆ ಆ ಮಾತಿನಲ್ಲಿ ಹಿಡಿಯಲು ಒಂದು ಕೊಂಡಿಯೂ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಅವಳು ಕಿಟಕಿಕಟ್ಟೆ ಒರೆಸಿ ಖಾಲಿ ಮಾಡಿದಳು. ಖಾಲಿ ಕಟ್ಟೆ ಕಂಡರೆ ಹುಡುಗಿ ಕಿರುಚಿಕೊಳ್ಳುತ್ತಾಳೆ, ಸಾಹೇಬರ ಎದುರು ಕಿರುಚಿಕೊಳ್ಳುತ್ತಾಳೆ. ಅದಕ್ಕಿಂತ ಮನೆಯಲ್ಲಿ ಆರಾಮಾಗಿ ಇರಲಿ. ಇದು ಅವಳು ತನಗೆ ಹೇಳಿಕೊಂಡ ಮಾತು. ಮನೆಯಲ್ಲಿ ಯಾರಿರುತ್ತಾರೆ ಎಂಬುದು ಆಗ ತಲೆಗೆ ಬರಲೇ ಇಲ್ಲವೆ, ಬಂದದ್ದನ್ನು ಅತ್ತ ತಳ್ಳಿದಳೆ, ಇದನ್ನು ಎಷ್ಟು ಕೆದಕಿದರೂ ಖಾತ್ರಿಯಾಗುತ್ತಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಇಟ್ಟಾಗ ಕೈಯಲ್ಲಿ ಇದ್ದದ್ದು ಬರೀ ಅಂಜಿಕೆಯೂ ಆಗಿರಲಿಲ್ಲ. ಎಂಟು ತಿಂಗಳು ದುಡಿದರೂ ಒಂದು ಮಾತು ಆಡದವಳ ಮೇಲಿನ ಆ ಹಳೆಯ ಸಿಟ್ಟೂ ಅದರೊಳಗೆ ಎಲ್ಲೋ ಬೆರೆತಿತ್ತು. ಶೇಖಮ್ಮ ನೋಡಬೇಕಾದ್ದನ್ನೆಲ್ಲ ನೋಡಿ, ಚಪ್ಪಲಿ ಮೆಟ್ಟಿಕೊಂಡು, ಯಾರೂ ಹೇಳದೆಯೇ ಹೊರಟುಹೋದಳು. ಮಧ್ಯಾಹ್ನ ಜೀಪು ಬಂತು. ಸಾಹೇಬರು ಹೆಡ್‌ಮಾಸ್ತರರ ಕೋಣೆಯಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು, ಚಹಾ ಕುಡಿದು, ಒಂದನೇ ತರಗತಿಯ ಬಾಗಿಲಿಗೆ ಬಂದು ಒಳಗೆ ಕಾಲಿಡದೆ ಇಣುಕಿದರು. ಮಕ್ಕಳು ಅಂದು ಮಗ್ಗಿಯನ್ನು ಗಂಟಲು ಹರಿಯುವಂತೆ ಕೂಗಿದರು. ‘ಛಲೋ’ ಅಂದರು ಸಾಹೇಬರು. ಕಿಟಕಿಯ ಕಡೆ ಅವರ ಕಣ್ಣು ಹೋಗಲೇ ಇಲ್ಲ.

ಬಸ್ಸಿಳಿದು ಬಂದರೆ, ಶಾಲೆಯ ಅಂಗಳದಲ್ಲಿ ಹುಸೇನಮ್ಮ ಮಗಳ ರಟ್ಟೆ ಹಿಡಿದು ನಿಂತಿದ್ದಳು. ತಲೆಗೂದಲಲ್ಲಿ ಹತ್ತಿಯ ಎಳೆಗಳು ಹಾಗೇ ಇದ್ದವು, ನಿನ್ನೆಯವು ಇರಬೇಕು. ಹೀಗೆ ಯಾರಾದರೂ ಹಿಡಿದರೆ ಕೊಸರಾಡುವ ಶೇಖಮ್ಮ ಇಂದು ಬಡಿಗೆಯ ಹಾಗೆ ನಿಂತಿದ್ದಳು. ಮೊಣಕಾಲಿನ ಕೆಳಗೆ, ಹಿಂಬದಿಗೆ, ಬಾಸುಂಡೆ ಎದ್ದಿದ್ದವು. ಶಂಶಾದ್‌ಬೀಗೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

‘ಹೊಡದೀನ್ರೀ ಟೀಚರ್’ ಅಂದಳು ಹುಸೇನಮ್ಮ, ಕೇಳುವ ಮೊದಲೇ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. ‘ನಿಮಗ ಹೇಳದ ಸಾಲಿ ಬಿಟ್ಟು ಓಡಿ ಬಂದಾಳ. ನಾನು ಸಂಜಿಗೆ ಬಂದು ನೋಡ್ತೀನಿ, ಬೀಗ ಹಾಕಿದ ಬಾಗಲದ ಮುಂದ ಕುಂತಾಳ. ಉಚ್ಚಿ ಹೊಯ್ಕೊಂಡು ಅದರಾಗಽ ಕುಂತಾಳ. ಬಿಸಲು ಬಡದು ಮಾರಿ ಕೆಂಪಾಗಿತ್ರೀ. ಬಾಜೂಕಿನ ಮನಿಯಾಕಿ ನೀರು ಕೊಟ್ಟಾಳ, ಕುಡದಿಲ್ಲ. ನೆಳ್ಳಿಗೆ ಬಾ ಅಂದ್ರ ಎದ್ದಿಲ್ಲ.’

‘ಯಾವಾಗಿಂದ ಕುಂತಿದ್ಲು?’ ಎಂದು ಕೇಳಿದಳು ಶಂಶಾದ್‌ಬೀ. ಗೊತ್ತಿದ್ದೂ ಕೇಳಿದಳು.

‘ಯಾರಿಗ್ಗೊತ್ರೀ. ಓಡೋದು ಕಲ್ತಾಳಂದ್ರ ಇನ್ನ ಸಾಲಿ ಸಾಕು. ಇವತ್ತೊಂದಿನ ಇಟ್ಕೋರಿ, ನಾಳಿಂದ ಮಿಲ್ಲಿಗೆ ಕರಕೊಂಡು ಹೋಗ್ತೀನಿ. ಕಾಲಿಗೆ ಹಗ್ಗ ಹಾಕಿ ಕಂಬಕ್ಕ ಕಟ್ಟಿದ್ರಾತು. ನೀವು ಭಾಳ ಕಷ್ಟ ಪಟ್ರಿ, ಆದ್ರ ಇಕಿ ನಸೀಬದಾಗ ಇಲ್ಲ.’

ಬಾಗಿಲಲ್ಲಿ ಅಮರಗುಂಡಪ್ಪ ಬಂದು ನಿಂತಿದ್ದರು. ಶಂಶಾದ್‌ಬೀ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ‘ಆಕಿ ಓಡಿ ಬಂದಿಲ್ಲ ಹುಸೇನಮ್ಮ’ ಅಂದಳು. ‘ನಾನಽ ಕಳಿಸೀನಿ. ಸಾಹೇಬ್ರು ಬರಾವ್ರಿದ್ರಂತ ಕಳಿಸಿದೆ. ಆಕೀದು ತಪ್ಪಿಲ್ಲ.’

ಹುಸೇನಮ್ಮ ಅವಳ ಮುಖ ನೋಡಿದಳು. ಆಮೇಲೆ ತಾಯಿಯ ಸುಸ್ತಾದ ಮುಖದಲ್ಲಿ ಸಣ್ಣದೊಂದು ನಗು ಬಂತು. ‘ಇಕಿನ್ನ ಉಳಿಸಾಕ ನಿಮ್ಮ ಮ್ಯಾಲ ಹಾಕ್ಕೊಬ್ಯಾಡ್ರೀ. ನಿಮ್ಮಂಥಾರು ಕಳಸ್ತಾರೇನ್ರೀ? ನಿಮ್ಮ ಮನಸು ದೊಡ್ಡದೈತಿ, ನನಗ ಗೊತ್ತೈತಿ.’ ಮಿಲ್ಲಿನ ಸೈರನ್ ಕೂಗಿತು, ಅವಳು ಸೆರಗು ಕಟ್ಟಿಕೊಂಡು ಸರಸರ ಹೊರಟೇಬಿಟ್ಟಳು.

ಕೂಗಿ ನಿಲ್ಲಿಸಬಹುದಿತ್ತು. ಅಂಗಳದ ತುದಿಯವರೆಗೆ, ಬೇಕಾದರೆ ಅಗಸಿಯವರೆಗೆ ಓಡಿ ಹಿಡಿಯಬಹುದಿತ್ತು. ಶಂಶಾದ್‌ಬೀ ನಿಂತಲ್ಲೇ ನಿಂತಳು, ಮತ್ತು ತನ್ನ ಎದೆಯೊಳಗೆ ಆದದ್ದನ್ನು ಕಂಡು ತನಗೇ ನಾಚಿಕೆಯಾಯಿತು. ಆದದ್ದು ನಿರಾಳ. ಹೇಳಬೇಕಾದ್ದನ್ನು ಹೇಳಿಯಾಯಿತು, ನಂಬದಿದ್ದರೆ ಅದು ತನ್ನ ತಪ್ಪಲ್ಲ, ಜೊತೆಗೆ ದೊಡ್ಡ ಮನಸ್ಸಿನವಳೆಂಬ ಹೆಸರು ಬೇರೆ. ಇಂಥ ಲಾಭದ ವ್ಯವಹಾರವನ್ನು ಅವಳ ಕುಲದಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ಅಮರಗುಂಡಪ್ಪ ಹತ್ತಿರ ಬಂದು, ‘ಆತು ಬಿಡ್ರೀ, ಆಗೋದು ಆಗಿಹೋಗೇತಿ. ಸಾಹೇಬ್ರು ಖುಷಿ ಆಗ್ಯಾರ’ ಅಂದರು. ಅವರ ದನಿಯಲ್ಲಿ ಕನಿಕರವೇ ಇತ್ತು. ಅದು ಅವಳಿಗೆ ಇನ್ನಷ್ಟು ಚುಚ್ಚಿತು.

ತರಗತಿಯಲ್ಲಿ ಅವಳು ಸಾಲನ್ನು ಮತ್ತೆ ಹೂಡಿದಳು. ಪಾಟಿ, ಬೀಜದ ಡಬ್ಬಿ, ಗಂಟು. ಚಪ್ಪಲಿಯ ಜಾಗ ಖಾಲಿ, ಏಕೆಂದರೆ ಶೇಖಮ್ಮ ಚಪ್ಪಲಿ ಬಿಚ್ಚಲಿಲ್ಲ. ಬಾಗಿಲಲ್ಲಿ ಬಿಡಿಸಲು ಹೋದಾಗ ಕಾಲಬೆರಳನ್ನು ಎಷ್ಟು ಬಿಗಿ ಹಿಡಿದಳೆಂದರೆ ಉಂಗುಟ ಬೆಳ್ಳಗಾಯಿತು. ತನ್ನ ಗೋಣಿತಟ್ಟಿನ ಮೇಲೆ ಕಿಟಕಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಳು. ಪಾಟಿ ಕೊಟ್ಟರೆ ಹಿಡಿಯಲಿಲ್ಲ. ಗಂಟೆಗೆ ಮೊದಲು ಟೀಚರು ಕೈಯೆತ್ತಿದರೆ ಅದನ್ನು ನೋಡಲಿಲ್ಲ. ಗಂಟೆ ಬಡಿದಾಗ ಮೈ ಇಡೀ ಬೆಚ್ಚಿಬಿದ್ದು, ಮಣಿಕಟ್ಟು ಬಾಯಿಗೆ ಹೋಯಿತು. ಶಂಶಾದ್‌ಬೀ ಇಡೀ ದಿನ ಕಪ್ಪು ಹಲಗೆಯ ಮೇಲೆ ಏನು ಬರೆದಳೋ ಅವಳಿಗೇ ಗೊತ್ತಿಲ್ಲ. ದೊಡ್ಡವರ ಹತ್ತಿರ ತಪ್ಪಾಯಿತು ಅನ್ನಬಹುದು, ಕೈ ಹಿಡಿಯಬಹುದು, ಏನಾದರೂ ಕೊಟ್ಟು ಸಮಾಧಾನ ಮಾಡಬಹುದು. ಇವಳಿಗೆ ‘ನಿನ್ನೆ’ ಎಂಬುದನ್ನು ಯಾವ ಸಾಮಾನಿನಿಂದ ತೋರಿಸುವುದು? ಕಟ್ಟೆಯ ಮೇಲೆ ಮುಂದಾಗುವುದನ್ನು ಇಡಲು ಬರುತ್ತದೆ. ಆಗಿಹೋದದ್ದು ಸುಳ್ಳಾಗಿತ್ತು ಎಂದು ಇಡಲು ಬರುವುದಿಲ್ಲ. ಆ ಸಾಲು ಒಂದೇ ಅವರಿಬ್ಬರ ನಡುವಿನ ಭಾಷೆಯಾಗಿತ್ತು, ಅದರಲ್ಲಿ ಮೊದಲ ಸುಳ್ಳನ್ನು ಹೇಳಿದವಳು ಅದನ್ನು ಕಲಿಸಿದವಳೇ. ಮೂಗಿ ಎಂದು ಕರೆದ ಆ ಮಾಸ್ತರರೂ ಮಾಡದಿದ್ದ ಕೆಲಸ ಇದು ಅನ್ನಿಸಿ ಅವಳು ಬಳಪವನ್ನು ಕೆಳಗಿಟ್ಟಳು. ಮಕ್ಕಳು ಪಿಸುಗುಟ್ಟುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದವು.

ಸಂಜೆ ಮಕ್ಕಳೆಲ್ಲ ಹೋದರು. ಶೇಖಮ್ಮ ಏಳಲಿಲ್ಲ. ಖಾಲಿ ಕೋಣೆ, ಚಪ್ಪಲಿಯಿಲ್ಲದ ಕಿಟಕಿಕಟ್ಟೆ, ಮನೆಗೆ ಹೋಗು ಎಂದು ಹೇಳಲು ಬಾಯಲ್ಲಿ ಮಾತಿದೆ, ಆದರೆ ಅದು ಅವಳನ್ನು ಮುಟ್ಟುವ ಮಾತಲ್ಲ. ಅಮರಗುಂಡಪ್ಪ ಬೀಗ ಹಿಡಿದುಕೊಂಡು ಬಂದು, ‘ಬಸ್ಸಿನ ಹೊತ್ತಾತಲ್ರೀ. ನಾ ಬಿಟ್ಟು ಬರ್ತೀನಿ ಆಕಿನ್ನ’ ಅಂದರು. ‘ಬ್ಯಾಡ್ರೀ ಸರ’ ಅಂದಳು ಶಂಶಾದ್‌ಬೀ. ಹುಡುಗಿಯ ಕೈ ಹಿಡಿಯಲು ಹೋಗಲಿಲ್ಲ. ತಾನು ಹೊರಗೆ ಬಂದು, ಹುಡುಗಿಗೆ ಕಾಣುವಂತೆ ನಿಧಾನವಾಗಿ ತನ್ನ ಚಪ್ಪಲಿ ಮೆಟ್ಟಿಕೊಂಡು, ಅಗಸಿಯ ಕಡೆ ನಡೆಯತೊಡಗಿದಳು. ತಿರುಗಿ ನೋಡಬೇಕೆಂಬ ಆಸೆಯನ್ನು ಹತ್ತಿಕ್ಕಿದಳು. ಅಂಗಳ ದಾಟುವವರೆಗೆ ಹಿಂದೆ ಏನೂ ಕೇಳಲಿಲ್ಲ. ಗುಡ್ಡದ ನೆರಳು ರಸ್ತೆಗೆ ಬೀಳುವ ಜಾಗದಲ್ಲಿ, ದೂರದಲ್ಲಿ, ಚಪ್ಪಲಿ ನೆಲಕ್ಕೆ ಎಳೆಯುವ ಸದ್ದು ಶುರುವಾಯಿತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ಆ ಸದ್ದು ಸಿಂಧನೂರಿನ ಯಾವ ಬಸ್ಸಿಗಿಂತಲೂ ಮುಖ್ಯವೆನ್ನಿಸಿ, ಶಂಶಾದ್‌ಬೀಗೆ ನಡುರಸ್ತೆಯಲ್ಲೇ ಕಣ್ಣು ತುಂಬಿ ಬಂತು.

ಬಾಗಿಲಿಗೆ ಬೀಗ ಇತ್ತು. ಮಿಲ್ಲು ಬಿಡುವುದು ಇಂದು ತಡವಾಗಿರಬೇಕು. ಶೇಖಮ್ಮ ಟೀಚರನ್ನು ದಾಟಿ ಮುಂದೆ ಹೋಗಿ ಬಾಗಿಲಿನ ಎದುರು, ಗೋಡೆಯಿಂದ ಒಂದು ಮೊಳ ಈಚೆಗೆ ಕೂತಳು. ಅಲ್ಲಿ ನೆಲದ ಮೇಲೆ ನಿನ್ನೆಯ ಕಲೆ ಇನ್ನೂ ಕಾಣುತ್ತಿತ್ತು. ಇಳಿಬಿಸಿಲು ನೇರ ಆ ಜಾಗಕ್ಕೇ ಬೀಳುತ್ತಿತ್ತು. ಎರಡು ಹೆಜ್ಜೆ ಆಚೆ ನೆರಳಿತ್ತು. ಶಂಶಾದ್‌ಬೀ ಹುಡುಗಿಗೆ ತಾಗದಷ್ಟು ದೂರ ಬಿಟ್ಟು ಬಿಸಿಲಲ್ಲೇ ಕೂತಳು. ಕಲ್ಲು ಇನ್ನೂ ಕಾದಿತ್ತು. ಈ ಹೊತ್ತಿನಲ್ಲಿ ಹೀಗಿದ್ದರೆ ನಡುಹಗಲಿನಲ್ಲಿ ಹೇಗಿತ್ತೋ ಎಂದು ಯೋಚಿಸಲು ಹೋಗಿ, ಬೇಡವೆಂದು ಬಿಟ್ಟು, ಮತ್ತೆ ಬಲವಂತವಾಗಿ ಯೋಚಿಸಿದಳು. ಬೆನ್ನಿನ ಮೇಲೆ ಬೆವರು ಇಳಿಯಿತು. ಆಚೆ ಮನೆಯಾಕೆ ಇಣುಕಿ, ಟೀಚರು ನೆಲದ ಮೇಲೆ ಕೂತದ್ದು ನೋಡಿ, ಚಾಪೆ ತರಲೇ ಅಂದಳು. ಶಂಶಾದ್‌ಬೀ ಬೇಡವೆಂದು ತಲೆಯಾಡಿಸಿದಳು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿ ನಿಂತಿತು.

ಹುಸೇನಮ್ಮ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡವಳು ಅಲ್ಲೇ ಒಂದು ಗಳಿಗೆ ನಿಂತಳು. ಬಿಸಿಲಲ್ಲಿ ಪಕ್ಕಪಕ್ಕ ಕೂತ ಇಬ್ಬರನ್ನೂ ನೋಡಿದಳು, ಬೀಗ ನೋಡಿದಳು, ಟೀಚರಿನ ಕೆಂಪಾದ ಮುಖ ನೋಡಿದಳು.

‘ನಿಮ್ಮ ಬಸ್ಸು ಹೋತಲ್ರೀ’ ಅಂದಳು.

‘ಹೋತು.’

ಹುಸೇನಮ್ಮ ಹತ್ತಿರ ಬಂದಳು. ಈಗ ಅವಳ ಮುಖದಲ್ಲಿ ಬೆಳಗಿನ ಆ ನಗು ಇರಲಿಲ್ಲ. ಮೆಲ್ಲಗೆ ಕೇಳಿದಳು, ‘ಖರೇನ ನೀವಽ ಕಳಿಸಿದ್ರೇನ್ರೀ?’

‘ಹೌದು.’

‘ಚಪ್ಲಿ ಹೊರಗ ಇಟ್ರೇನು?’

‘ಇಟ್ಟೆ.’

ಹುಸೇನಮ್ಮ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು, ತೆಗೆಯಲು ಮುಂದೆ ಹೋಗಲಿಲ್ಲ. ಬಯ್ಯುತ್ತಾಳೆಂದು ಶಂಶಾದ್‌ಬೀ ಕಾದಳು, ಬಯ್ಯಲಿ ಎಂದೇ ಕಾದಳು. ಹುಸೇನಮ್ಮ ನೋಡುತ್ತಿದ್ದದ್ದು ಮಗಳ ಕಾಲಿನ ಬಾಸುಂಡೆಗಳನ್ನು. ‘ಅಲ್ರೀ’ ಅಂದಳು ತಡೆದು ತಡೆದು. ‘ಹೇಳಿದಂಗಽ ಕೇಳೀತಲ್ರೀ ಕೂಸು. ನೀವು ಹೋಗಂದ್ರಿ, ಬಂತು. ನನ್ನ ದಾರಿ ಕಾಕೋತ ಕುಂತಿತ್ತು. ನಾನು ಬಂದು… ಬಂದ ಕೂಡಲೇ ಹೊಡದೆ. ಯಾಕ ಹೊಡಿಯಾಕತ್ತಾಳ ಅಂತ ಅದಕ್ಕೇನು ತಿಳದಿರಬೇಕ್ರೀ?’

ಶಂಶಾದ್‌ಬೀಗೆ ಆಗ ಹೊಳೆಯಿತು: ಬೆಳಗಿನಿಂದ ತಾನು ಇಳಿಸಿಕೊಳ್ಳಲು ಒದ್ದಾಡಿದ ಭಾರ ಇಳಿದು ಎಲ್ಲಿಗೂ ಹೋಗಿರಲಿಲ್ಲ, ಈ ಹೆಂಗಸಿನ ತಲೆಯ ಮೇಲೆ ಹೋಗಿ ಕೂತಿತ್ತು. ಸತ್ಯ ಹೇಳಿದ್ದಕ್ಕೆ ಅವಳಿಗೆ ಹೆಮ್ಮೆಯಾಗಲಿಲ್ಲ. ಹೇಳಬಾರದಿತ್ತು ಎಂದೂ ಅನ್ನಿಸಲಿಲ್ಲ.

‘ಸಾಹೇಬ್ರು ಮತ್ತ ಬರ್ತಾರೇನ್ರೀ?’ ಹುಸೇನಮ್ಮ ಕೇಳಿದಳು.

‘ಬರ್ತಾರ. ಯಾವಾಗರ ಬಂದಽ ಬರ್ತಾರ.’

‘ಆವಾಗ?’

‘ಇನ್ನ ಕಳಸಂಗಿಲ್ಲ’ ಅನ್ನುವುದು ಸುಲಭವಿತ್ತು. ಶಂಶಾದ್‌ಬೀ ಪಕ್ಕದಲ್ಲಿ ಬಾಗಿಲನ್ನೇ ನೋಡುತ್ತ ಕೂತಿದ್ದ ಹುಡುಗಿಯನ್ನು ನೋಡಿದಳು. ‘ಅಂಜಿಕಿ ಆಗ್ತೈತಿ ಹುಸೇನಮ್ಮ’ ಅಂದಳು. ‘ನನಗ ಆವಾಗೂ ಅಂಜಿಕಿ ಆಗ್ತೈತಿ. ಆದ್ರ ಇಕಿ ತನ್ನ ಜಾಗಾದಾಗಽ ಕುಂತಿರ್ತಾಳ.’

ಹುಸೇನಮ್ಮ ನಾಳೆ ಮಗಳನ್ನು ಮಿಲ್ಲಿಗೆ ಒಯ್ಯುವ ಮಾತನ್ನು ಎತ್ತಲಿಲ್ಲ. ಬೀಗ ತೆಗೆದು ಬಾಗಿಲು ತಳ್ಳಿದಳು. ಶೇಖಮ್ಮ ತಟ್ಟನೆ ಎದ್ದು, ಚಪ್ಪಲಿ ಬಿಚ್ಚಿ ಗೋಡೆಗೆ ಜೋಡಿಸಿಟ್ಟು, ಇಬ್ಬರಲ್ಲಿ ಯಾರನ್ನೂ ನೋಡದೆ ಒಳಗಿನ ಕತ್ತಲಿಗೆ ಹೋದಳು. ಒಳಗೆ ಕೊಡದ ಮುಚ್ಚಳ ಸರಿದ ಸದ್ದು, ಲೋಟ ಮುಳುಗಿಸಿದ ಸದ್ದು, ಆಮೇಲೆ ಗಟಗಟ ನೀರು ಕುಡಿಯುವ ಸದ್ದು ಕೇಳಿತು. ಬೆಳಗಿನಿಂದ ಅವಳು ನೀರು ಕುಡಿದಿರಲಿಲ್ಲ ಎಂಬುದು ಶಂಶಾದ್‌ಬೀಗೆ ಆಗಲೇ ನೆನಪಾದದ್ದು. ‘ಒಳಗ ಬರ್ರಿ’ ಅಂದಳು ಹುಸೇನಮ್ಮ. ಅಂದಳೇ ಹೊರತು ತಾನೂ ಹೊಸ್ತಿಲು ದಾಟಲಿಲ್ಲ. ಬಾಗಿಲು ತೆರೆದೇ ಇತ್ತು. ಹುಡುಗಿಯ ಎದುರು ಮೊದಲು ಯಾರು ಹೋಗಬೇಕೆಂದು ತಿಳಿಯದೆ ಹೆಂಗಸರಿಬ್ಬರೂ ಹೊರಗೇ ನಿಂತರು.